ಐಸ್ ಪೆಟ್ಟಿಗೆಯೋ, ತಣ್ಣನೆಯ ಯಂತ್ರವೋ, ಬೆಚ್ಚನೆಯ ಯಂತ್ರವೋ: ದಾನದ ಕಿಡ್ನಿಯನ್ನು ಕಾಪಿಡುವ ದಾರಿಗಳು

ಅಕ್ಕ ಫೋನ್ ಮಾಡಿದಾಗ ನಮ್ಮಲ್ಲಿ ಬೆಳಗಿನ ಜಾವ ನಾಲ್ಕೂವರೆ. ಇಂಗ್ಲೆಂಡಿನಲ್ಲಿ ಆಗಿನ್ನೂ ರಾತ್ರಿ ಹನ್ನೊಂದು. ಭಾವ ಮೂರು ವರ್ಷದಿಂದ ಡಯಾಲಿಸಿಸ್ ಮೇಲಿದ್ದರು. ಹೊತ್ತಲ್ಲದ ಹೊತ್ತಿನಲ್ಲಿ ಅಕ್ಕನ ಹೆಸರು ಫೋನಿನಲ್ಲಿ ಕಂಡರೆ ಎದೆ ಧಸಕ್ಕೆನ್ನುತ್ತಿದ್ದ ಕಾಲ ಅದು. ಈ ಸಲ ಸುದ್ದಿ ಒಳ್ಳೆಯದೇ ಇತ್ತು.

"ಕಿಡ್ನಿ ಸಿಕ್ಕಿದೆ ಕಣೋ. ಈಗಷ್ಟೇ ಆಸ್ಪತ್ರೆಗೆ ಬಂದ್ವಿ. ಅದನ್ನ ಐಸ್‌ನಲ್ಲೇ ಇಟ್ಟು ಹಾಕ್ತಾರೋ, ಮೆಷಿನ್‌ಗೆ ಕೂರಿಸಿ ಬಿಸಿ ಮಾಡಿ ಹಾಕ್ತಾರೋ, ಅದು ಚೀಟಿ ಎತ್ತಿದ ಹಾಗೆ ತೀರ್ಮಾನ ಆಗುತ್ತಂತೆ. ಏನೋ ಅಧ್ಯಯನ ಅಂತೆ. ಸಹಿ ಕೇಳ್ತಿದ್ದಾರೆ. ನೀನು ಇದೇ ಕೆಲಸದಲ್ಲಿರೋನು, ಯಾವುದು ಒಳ್ಳೇದು ಹೇಳು."

ನಾನು ಕಸಿ ಸಂಯೋಜಕ. ದಾನಿಯ ಮನೆಯವರ ಪಕ್ಕ ಕೂರುವುದು, ಕಾಗದಪತ್ರ ಹೊಂದಿಸುವುದು, ಆಂಬುಲೆನ್ಸ್ ಹೊರಡಿಸುವುದು ನನ್ನ ಕೆಲಸ. ಆದರೂ ಅವತ್ತು ಅಕ್ಕನಿಗೆ ನೆಟ್ಟಗೆ ಉತ್ತರ ಕೊಡಲಾಗಲಿಲ್ಲ. "ಎರಡೂ ಸುರಕ್ಷಿತ, ಸಹಿ ಹಾಕಿಬಿಡಿ" ಎಂದೆ. ಅಷ್ಟು ಸಾಲದು ಅಂತ ನನಗೇ ಗೊತ್ತಿತ್ತು. ಆ ಅಧ್ಯಯನದ ಫಲಿತಾಂಶ ಈಗ ಹೊರಬಂದಿದೆ. ಉಳಿದ ದಾರಿಗಳ ಬಗ್ಗೆಯೂ ಗಟ್ಟಿ ಅಂಕಿಗಳಿವೆ. ಕಸಿಗೆ ಕಾಯುತ್ತಿರುವವರು, ಅವರ ಮನೆಯವರು, ನರ್ಸಿಂಗ್ ಮತ್ತು ವೈದ್ಯಕೀಯ ಓದುತ್ತಿರುವವರು ಒಂದೇ ಕಡೆ ಓದಿಕೊಳ್ಳಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಯಾವ ದಾರಿ ಹಿಡಿಯಬೇಕೆಂದು ನಿರ್ಧರಿಸುವುದು ಶಸ್ತ್ರಚಿಕಿತ್ಸಕರು, ರೋಗಿಯಲ್ಲ. ಹಾಗಂತ ರೋಗಿ ಏನೂ ತಿಳಿಯದೆ ಮಲಗಬೇಕಾಗಿಲ್ಲ.

ದೇಹದಿಂದ ಹೊರಬಂದ ಕಿಡ್ನಿಯ ಪಾಡು

ಎರಡು ಕಿಡ್ನಿಗಳಿಗೆ ಸೇರಿ ನಿಮಿಷಕ್ಕೆ ಹೆಚ್ಚುಕಡಿಮೆ ಒಂದು ಲೀಟರ್ ರಕ್ತ ಹರಿಯುತ್ತದೆ. ಹೃದಯ ಹೊರಹಾಕುವ ರಕ್ತದಲ್ಲಿ ಐದನೇ ಒಂದು ಪಾಲು ಅದು. ಅಷ್ಟು ರಕ್ತ ಕುಡಿಯುವ ಅಂಗಕ್ಕೆ ಹರಿವು ನಿಂತೊಡನೆ ಆಕ್ಸಿಜನ್ ಇಲ್ಲ, ಶಕ್ತಿ ಇಲ್ಲ. ಜೀವಕೋಶದಿಂದ ಸೋಡಿಯಂ ಹೊರಹಾಕುವ ಪಂಪುಗಳು ನಿಲ್ಲುತ್ತವೆ, ನೀರು ಒಳನುಗ್ಗುತ್ತದೆ, ಕೋಶಗಳು ಊದಿಕೊಳ್ಳುತ್ತವೆ. ಇದನ್ನು ನಿಧಾನಗೊಳಿಸಲು ಎಲ್ಲಕ್ಕಿಂತ ಸುಲಭದ ಉಪಾಯ ತಣ್ಣಗಿಡುವುದು. 4 ಡಿಗ್ರಿಗೆ ಇಳಿಸಿದರೆ ಕೋಶದ ಹಸಿವು ಸುಮಾರು ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ಆದರೆ ಹಾಲನ್ನು ಫ್ರಿಜ್ಜಿನಲ್ಲಿಟ್ಟ ಹಾಗೆ ಇದು. ಕೆಡುವುದು ನಿಧಾನವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಆಕ್ಸಿಜನ್ ಇಲ್ಲದ ಹೊತ್ತಿನಲ್ಲಿ ಕೋಶದೊಳಗೆ ಸಕ್ಸಿನೇಟ್ ಎಂಬ ವಸ್ತು ಕೂಡುತ್ತಾ ಹೋಗುತ್ತದೆ. ಕಸಿಯಾದ ಮೇಲೆ ಬಿಸಿ ರಕ್ತ ಒಮ್ಮೆಲೇ ನುಗ್ಗಿದಾಗ ಅದು ಭರ್ರನೆ ಉರಿದು, ಕೋಶಗಳನ್ನು ಸುಡುವಂಥ ಆಕ್ಸಿಜನ್ ಕಣಗಳನ್ನು ಹೊರಚೆಲ್ಲುತ್ತದೆ. ಕಿಡ್ನಿಗೆ ಆಗುವ ಏಟಿನಲ್ಲಿ ದೊಡ್ಡ ಪಾಲು ಬೀಳುವುದು ರಕ್ತ ಮತ್ತೆ ಹರಿಯತೊಡಗಿದ ಆ ಕೆಲವು ನಿಮಿಷಗಳಲ್ಲೇ.

ಏಟು ಜೋರಾಗಿದ್ದರೆ ಕಸಿ ಮಾಡಿದ ಕಿಡ್ನಿ ತಕ್ಷಣ ಕೆಲಸ ಶುರುಮಾಡುವುದಿಲ್ಲ. 'ಕಿಡ್ನಿ ಇನ್ನೂ ನಿದ್ದೆಯಲ್ಲಿದೆ' ಎಂದು ವಾರ್ಡಿನಲ್ಲಿ ಹೇಳುತ್ತಾರೆ. ಕಸಿಯಾದ ಮೊದಲ ವಾರದಲ್ಲಿ ಮತ್ತೆ ಡಯಾಲಿಸಿಸ್ ಬೇಕಾಯಿತೆಂದರೆ ಅದಕ್ಕೆ 'ತಡವಾದ ಆರಂಭ' ಎಂದು ಲೆಕ್ಕ. ಮುಂದೆ ಬರುವ ಹೆಚ್ಚಿನ ಅಂಕಿಗಳು ಈ ತಡವನ್ನೇ ಅಳೆದಂಥವು.

ದಾನಿಗಳಲ್ಲೂ ಎರಡು ಬಗೆ. ಮಿದುಳು ನಿಷ್ಕ್ರಿಯಗೊಂಡು, ಹೃದಯ ಇನ್ನೂ ಬಡಿಯುತ್ತಿರುವಾಗ ಅಂಗ ಕೊಡುವವರು ಒಂದು ಬಗೆ. ಹೃದಯ ನಿಂತು ಸಾವು ಘೋಷಣೆಯಾದ ಮೇಲೆ ಕೊಡುವವರು ಇನ್ನೊಂದು ಬಗೆ. ಎರಡನೆಯ ಬಗೆಯಲ್ಲಿ ಕಿಡ್ನಿ ದೇಹದ ಬಿಸಿಯಲ್ಲೇ ಕೆಲವು ನಿಮಿಷ ರಕ್ತವಿಲ್ಲದೆ ಕಳೆದಿರುತ್ತದೆ, ಪೆಟ್ಟು ಹೆಚ್ಚು. ನಮ್ಮ ರಾಜ್ಯದಲ್ಲಿ ಸಾವಿನ ನಂತರದ ಅಂಗದಾನ ಎಂದರೆ ಬಹುಪಾಲು ಮೊದಲನೆಯ ಬಗೆ. ಬ್ರಿಟನ್ನಿನಲ್ಲಿ, ನೆದರ್‌ಲೆಂಡ್ಸಿನಲ್ಲಿ ಎರಡನೆಯ ಬಗೆಯೂ ತುಂಬ ಇದೆ. ಯಂತ್ರಗಳ ಮೇಲಿನ ಕೆಲಸ ಅಲ್ಲಿ ಜೋರಾಗಿ ನಡೆದಿದ್ದಕ್ಕೆ ಇದೂ ಒಂದು ಕಾರಣ.

ಐಸ್ ಪೆಟ್ಟಿಗೆ

ನಾನು ಕೈಯಾರೆ ಹೊತ್ತು ತಂದಿರುವುದು ಇದನ್ನೇ. ದಾನಿಯ ದೇಹದಲ್ಲೇ ಕಿಡ್ನಿಯ ರಕ್ತವನ್ನು ತಣ್ಣನೆಯ ದ್ರಾವಣದಿಂದ ತೊಳೆದುಬಿಡುತ್ತಾರೆ. ಹೊರಗೆ ತೆಗೆದಾಗ ಅದರ ಬಣ್ಣ ಬೇಯಿಸಿ ಸಿಪ್ಪೆ ಸುಲಿದ ಗೆಣಸಿನ ಹಾಗೆ, ಬಿಳಿಚಿಕೊಂಡ ಕಂದು. ದ್ರಾವಣ ತುಂಬಿದ ಚೀಲದೊಳಗೆ ಅದನ್ನಿಳಿಸಿ, ದಾರದಿಂದ ಬಿಗಿದು, ಅದರ ಮೇಲೊಂದು, ಅದರ ಮೇಲೆ ಮತ್ತೊಂದು ಚೀಲ ಹಾಕಿ, ಪೆಟ್ಟಿಗೆಯ ಐಸಿನೊಳಗೆ ಹುಗಿದಿಡುತ್ತಾರೆ. ಐಸು ನೇರ ಕಿಡ್ನಿಗೆ ತಾಗಬಾರದು, ತಾಗಿದ ಜಾಗ ಹೆಪ್ಪುಗಟ್ಟಿ ಹಾಳಾಗುತ್ತದೆ. ಚೀಟಿ ಅಂಟಿಸುವಾಗ ಎಡವೋ ಬಲವೋ ಎಂದು ಇಬ್ಬರು ಗಟ್ಟಿಯಾಗಿ ಓದಿ ಹೇಳಬೇಕು. ಅಷ್ಟೇ ವ್ಯವಸ್ಥೆ.

ಇದರ ಹಿಂದಿನ ಜಾಣ್ಮೆಯೆಲ್ಲ ದ್ರಾವಣದಲ್ಲಿದೆ. 1969ರಲ್ಲಿ ಕಾಲಿನ್ಸ್ ದ್ರಾವಣ ಬಂತು. 1980ರ ದಶಕದ ಕೊನೆಗೆ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಫೋಕರ್ಟ್ ಬೆಲ್ಜರ್ ಮತ್ತು ಜೇಮ್ಸ್ ಸೌತರ್ಡ್ ಸೇರಿ ರೂಪಿಸಿದ ದ್ರಾವಣ ಇವತ್ತಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಕೋಶದೊಳಗೆ ಹೋಗಲಾರದ ದೊಡ್ಡ ಅಣುಗಳು ಅದರಲ್ಲಿವೆ, ನೀರು ಒಳನುಗ್ಗದಂತೆ ಅವು ಹಿಡಿದಿಡುತ್ತವೆ.

ಐಸ್ ಪೆಟ್ಟಿಗೆಗೆ ಕರೆಂಟ್ ಬೇಡ, ಬ್ಯಾಟರಿ ಬೇಡ, ತರಬೇತಾದವರು ಪಕ್ಕದಲ್ಲಿ ಕೂತಿರಬೇಕಾಗಿಲ್ಲ. ಪೊಲೀಸರು ಝೀರೋ ಟ್ರಾಫಿಕ್ ಮಾಡಿಕೊಟ್ಟ ರಸ್ತೆಯಲ್ಲಿ ಆಂಬುಲೆನ್ಸ್ ಓಡುವಾಗ ಸೀಟಿನ ಕೆಳಗೆ ಒತ್ತರಿಸಿ ಇಟ್ಟುಕೊಳ್ಳಬಹುದು. ವಯಸ್ಸು ಚಿಕ್ಕದಿರುವ, ಮಿದುಳು ನಿಷ್ಕ್ರಿಯಗೊಂಡ ದಾನಿ. ಅದೇ ಊರಿನ ಅಥವಾ ನಾಲ್ಕೈದು ಗಂಟೆ ದೂರದ ರೋಗಿ. ಇಂಥ ಕಡೆ ಐಸ್ ಪೆಟ್ಟಿಗೆಯನ್ನು ಹಳೆಯ ಕಾಲದ್ದೆಂದು ಮೂಗುಮುರಿಯಲು ಏನೂ ಕಾರಣವಿಲ್ಲ.

ಇದರ ದೊಡ್ಡ ಕೊರತೆ ಒಂದೇ: ಪೆಟ್ಟಿಗೆಯೊಳಗಿನ ಕಿಡ್ನಿ ಏನನ್ನೂ ಹೇಳುವುದಿಲ್ಲ. ಅದು ಚೆನ್ನಾಗಿದೆಯೋ, ಸೋತಿದೆಯೋ, ರೋಗಿಯ ದೇಹದಲ್ಲಿ ಹೊಲಿದು ರಕ್ತ ಬಿಟ್ಟ ಮೇಲೇ ಗೊತ್ತಾಗುವುದು. ಗಂಟೆಗಳು ಕಳೆದಷ್ಟೂ ತಡವಾದ ಆರಂಭದ ಸಾಧ್ಯತೆ ಏರುತ್ತದೆ. 24 ಗಂಟೆಯೊಳಗೆ ಮುಗಿಸಬೇಕೆಂಬುದು ಸಾಮಾನ್ಯ ಲೆಕ್ಕ, ಎಷ್ಟು ಬೇಗ ಮುಗಿದರೆ ಅಷ್ಟು ಒಳ್ಳೆಯದು.

ತಣ್ಣನೆಯ ಯಂತ್ರ

ಕಿಡ್ನಿಯನ್ನು ಸುಮ್ಮನೆ ಮುಳುಗಿಸಿಡದೆ, ಅದರ ರಕ್ತನಾಳಕ್ಕೆ ಕೊಳವೆ ಸಿಕ್ಕಿಸಿ ತಣ್ಣನೆಯ ದ್ರಾವಣವನ್ನು ಪಂಪಿನಿಂದ ಹರಿಸುತ್ತಲೇ ಇರುವುದು ಎರಡನೆಯ ದಾರಿ. ಇದು ಹೊಸದೇನಲ್ಲ. 1967ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅದೇ ಬೆಲ್ಜರ್ ನಾಯಿಯ ಕಿಡ್ನಿಯನ್ನು ಹೀಗೆ 72 ಗಂಟೆ ಉಳಿಸಿ ಕಸಿ ಮಾಡಿ ತೋರಿಸಿದ್ದರು. ಆಮೇಲೆ ಒಳ್ಳೆಯ ದ್ರಾವಣಗಳು ಬಂದವು, ಐಸ್ ಪೆಟ್ಟಿಗೆ ಅಗ್ಗವಾಗಿ ಕೆಲಸ ಮಾಡಿಕೊಟ್ಟಿತು, ಯಂತ್ರ ಮೂಲೆ ಸೇರಿತು. ಹಳೆಯ ಯಂತ್ರಗಳ ಗಾತ್ರವೂ ಹಾಗಿತ್ತು, ಎತ್ತಿಕೊಂಡು ಓಡಾಡುವಂತಿರಲಿಲ್ಲ. ಈಗಿನ ಲೈಫ್‌ಪೋರ್ಟ್‌ನಂಥವು ತುಂಬಿದಾಗ ಸುಮಾರು 20 ಕಿಲೋ ತೂಗುತ್ತವೆ, ಕಾರಿನಲ್ಲಿ ಒಯ್ಯಬಹುದು.

ಇದರ ಪರವಾದ ದೊಡ್ಡ ಸಾಕ್ಷ್ಯ 2009ರಲ್ಲಿ ಬಂತು. ನೆದರ್‌ಲೆಂಡ್ಸ್, ಬೆಲ್ಜಿಯಂ, ಜರ್ಮನಿಯ ಒಂದು ಭಾಗ ಸೇರಿ 336 ದಾನಿಗಳ ಕಿಡ್ನಿ ತೆಗೆದುಕೊಂಡರು. ಒಬ್ಬೊಬ್ಬ ದಾನಿಯ ಒಂದು ಕಿಡ್ನಿ ಐಸಿಗೆ, ಇನ್ನೊಂದು ಯಂತ್ರಕ್ಕೆ. ಇದಕ್ಕಿಂತ ನ್ಯಾಯವಾದ ಹೋಲಿಕೆ ಸಿಗುವುದು ಕಷ್ಟ. ದಾನಿ ಒಬ್ಬರೇ, ವಯಸ್ಸು ಒಂದೇ, ಕಾಯಿಲೆಯೂ ಒಂದೇ, ಬೇರೆಯಾಗಿದ್ದು ಕಾಪಿಟ್ಟ ಬಗೆ ಮಾತ್ರ. ತಡವಾದ ಆರಂಭ ಐಸಿನ ಕಿಡ್ನಿಗಳಲ್ಲಿ 26.5 ಶೇಕಡಾ, ಯಂತ್ರದವುಗಳಲ್ಲಿ 20.8. ಒಂದು ವರ್ಷದ ನಂತರ ಕೆಲಸ ಮಾಡುತ್ತಿದ್ದವು ಕ್ರಮವಾಗಿ 90 ಮತ್ತು 94 ಶೇಕಡಾ. ನೆದರ್‌ಲೆಂಡ್ಸ್ ಆಮೇಲೆ ಮೃತ ದಾನಿಗಳ ಕಿಡ್ನಿಗಳಿಗೆಲ್ಲ ತಣ್ಣನೆಯ ಯಂತ್ರವನ್ನೇ ವಾಡಿಕೆ ಮಾಡಿಕೊಂಡಿತು. ಅದೇ 2009ರಲ್ಲಿ ಬ್ರಿಟನ್ನಿನ ಆರೋಗ್ಯ ಮೌಲ್ಯಮಾಪನ ಸಂಸ್ಥೆ ನೈಸ್ ಮಾತ್ರ ಎರಡೂ ನಡೆಯುತ್ತದೆ, ಖರ್ಚು ನೋಡಿ ಆರಿಸಿಕೊಳ್ಳಿ ಎಂಬರ್ಥದ ಮಾತು ಹೇಳಿತು.

ಆ ದ್ರಾವಣಕ್ಕೆ ಆಕ್ಸಿಜನ್ ಬೆರೆಸಿದರೆ? ಹೃದಯ ನಿಂತ, 50 ದಾಟಿದ ದಾನಿಗಳ ಜೋಡಿ ಕಿಡ್ನಿಗಳಲ್ಲಿ ಇದನ್ನು ಪರೀಕ್ಷಿಸಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ವರ್ಷದ ಕೊನೆಗೆ ಸೋಸುವ ಶಕ್ತಿಯಲ್ಲಿ ಕಂಡ ವ್ಯತ್ಯಾಸ ಚಿಕ್ಕದು, ಅದೊಂದನ್ನೇ ನೋಡಿದರೆ ಗೆದ್ದಿತೆಂದು ಎದೆ ತಟ್ಟಿ ಹೇಳುವಂತಿರಲಿಲ್ಲ. ಆದರೆ ಪೂರ್ತಿ ಕೈಕೊಟ್ಟ ಕಿಡ್ನಿಗಳನ್ನು ಎಣಿಸಿದಾಗ ಆಕ್ಸಿಜನ್ ಸಿಕ್ಕವುಗಳಲ್ಲಿ 3 ಶೇಕಡಾ, ಸಿಗದವುಗಳಲ್ಲಿ 10. ವಯಸ್ಸಾದ ದಾನಿಯ ಕಿಡ್ನಿಯ ಮಾತಾದರೆ ನನಗೆ ಇದು ಸಣ್ಣ ಅಂತರವಾಗಿ ಕಾಣುವುದಿಲ್ಲ.

ಒಂದು ಎಚ್ಚರ. ಆಕ್ಸಿಜನ್ನಿನ ಈ ಲಾಭ ಸಿಕ್ಕಿದ್ದು ಕಿಡ್ನಿ ತೆಗೆದಾಗಿನಿಂದ ಕಸಿಯವರೆಗೂ ಯಂತ್ರದಲ್ಲೇ ಇಟ್ಟಾಗ. ಐಸಿನಲ್ಲಿ ಗಂಟೆಗಟ್ಟಲೆ ಪ್ರಯಾಣ ಮಾಡಿಸಿ, ಕಸಿಗೆ ಮುಂಚೆ ಕೆಲ ಹೊತ್ತು ಮಾತ್ರ ಆಕ್ಸಿಜನ್ನಿನ ತಣ್ಣನೆಯ ಯಂತ್ರಕ್ಕೆ ಹಾಕಿ ನೋಡಿದ ಇನ್ನೊಂದು ಅಧ್ಯಯನದಲ್ಲಿ ಬರೀ ಐಸಿಗಿಂತ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. 'ನಮ್ಮಲ್ಲಿ ಯಂತ್ರ ಇದೆ' ಎಂದು ಯಾರಾದರೂ ಹೇಳಿದರೆ 'ಯಾವಾಗಿನಿಂದ ಹಾಕುತ್ತೀರಿ' ಎಂಬುದು ಕೇಳಲೇಬೇಕಾದ ಪ್ರಶ್ನೆ.

ತಣ್ಣನೆಯ ಯಂತ್ರದ ಇನ್ನೊಂದು ಒಳ್ಳೆಯ ಗುಣವನ್ನು ಯಾರೂ ಹೆಚ್ಚು ಹೇಳುವುದಿಲ್ಲ. ಪಂಪು ಕೆಟ್ಟು ನಿಂತರೂ ಸುತ್ತ ಐಸು ಇದ್ದೇ ಇರುತ್ತದೆ. ಕಿಡ್ನಿ ಐಸ್ ಪೆಟ್ಟಿಗೆಯಲ್ಲಿದ್ದ ಸ್ಥಿತಿಗೆ ಬರುತ್ತದೆ, ಅಷ್ಟೇ. ಯಂತ್ರದ ಪರದೆಯ ಮೇಲೆ ದ್ರಾವಣದ ಹರಿವು, ಅದಕ್ಕೆ ಕಿಡ್ನಿಯ ರಕ್ತನಾಳಗಳು ಒಡ್ಡುವ ತಡೆ ಎಂಬ ಅಂಕಿಗಳೂ ಕಾಣುತ್ತವೆ. ಆದರೆ ತಡೆ ಜಾಸ್ತಿ ಇದೆ ಎಂಬ ಒಂದೇ ಕಾರಣಕ್ಕೆ ಕಿಡ್ನಿಯನ್ನು ಬಿಸಾಡುವುದು ಸರಿಯಲ್ಲ. ನಿದ್ದೆಯಲ್ಲಿರುವವರ ಮೈ ಮುಟ್ಟಿ ಆರೋಗ್ಯ ಅಳೆದ ಹಾಗೆ ಅದು, ಅರ್ಧ ಸುಳಿವು ಮಾತ್ರ.

ಬೆಚ್ಚನೆಯ ಯಂತ್ರ

ಅಕ್ಕ ಕೇಳಿದ್ದು ಇದರ ಬಗ್ಗೆ, ಹಾಗಾಗಿ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಅಂಗವನ್ನು ದೇಹದ ಬಿಸಿಯಲ್ಲೇ ಹೊರಗೆ ಬದುಕಿಸುವ ಯೋಚನೆ ಐಸ್ ಪೆಟ್ಟಿಗೆಗಿಂತ ಹಳೆಯದು. 1927ರಲ್ಲಿ ಒಬ್ಬರೇ ವಿಮಾನ ಹಾರಿಸಿ ಅಟ್ಲಾಂಟಿಕ್ ದಾಟಿದ ಚಾರ್ಲ್ಸ್ ಲಿಂಡ್‌ಬರ್ಗ್, ಹೆಂಡತಿಯ ಅಕ್ಕನ ಹೃದಯದ ಕಾಯಿಲೆ ನೋಡಿ ಮನಸ್ಸು ಕಲಕಿ, ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ಶಸ್ತ್ರಚಿಕಿತ್ಸಕ ಅಲೆಕ್ಸಿಸ್ ಕ್ಯಾರೆಲ್ ಜೊತೆ ಸೇರಿ ಗಾಜಿನ ಪಂಪೊಂದನ್ನು ಮಾಡಿದರು. 1935ರಲ್ಲಿ ಅದರೊಳಗೆ ಪ್ರಾಣಿಗಳ ಥೈರಾಯ್ಡ್‌ನಂಥ ಅಂಗಗಳನ್ನು ದಿನಗಟ್ಟಲೆ ಇಟ್ಟು ತೋರಿಸಿದರು. ಕಸಿಯ ಕಿಡ್ನಿಗೆ ಇದು ಬರಲು ಇನ್ನೂ ಮುಕ್ಕಾಲು ಶತಮಾನ ಹಿಡಿಯಿತು. ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಸಾರಾ ಹಾಸ್‌ಗುಡ್ ಮತ್ತು ಮೈಕಲ್ ನಿಕಲ್ಸನ್ ಬೆಚ್ಚನೆಯ ಯಂತ್ರದಲ್ಲಿ ಸುಧಾರಿಸಿದ ಕಿಡ್ನಿಯೊಂದನ್ನು ರೋಗಿಗೆ ಕಸಿ ಮಾಡಿದ ವರದಿ ಪ್ರಕಟವಾದದ್ದು 2011ರಲ್ಲಿ. ಆಮೇಲೆ ಅವರು ಕೇಂಬ್ರಿಜ್‌ಗೆ ಹೋದರು, ಈ ಕೆಲಸವೂ ಜೊತೆಗೆ ಹೋಯಿತು.

ಅವರು ಬಳಸಿದ ಯಂತ್ರ ಮಕ್ಕಳ ಹೃದಯದ ಆಪರೇಷನ್‌ನಲ್ಲಿ ಬಳಸುವ ಹಾರ್ಟ್-ಲಂಗ್ ಯಂತ್ರದ ಸಾಮಾನಿನಿಂದಲೇ ಜೋಡಿಸಿದ್ದು. ಪಂಪು, ಆಕ್ಸಿಜನ್ ಬೆರೆಸುವ ಪೆಟ್ಟಿಗೆ, ಬಿಸಿ ಮಾಡುವ ಸುರುಳಿ, ಮಧ್ಯದ ಪಾತ್ರೆಯಲ್ಲಿ ಕಿಡ್ನಿ. ಕೊಳವೆಗಳಲ್ಲಿ ಹರಿಯುವುದು ರಕ್ತನಿಧಿಯಿಂದ ತಂದ ಕೆಂಪು ರಕ್ತಕಣ, ಜೊತೆಗೆ ಲವಣ, ಪೌಷ್ಟಿಕ ದ್ರವ, ರಕ್ತ ಹೆಪ್ಪುಗಟ್ಟದಿರಲು ಹೆಪಾರಿನ್. ಬಿಸಿ 36-37 ಡಿಗ್ರಿ. ಕ್ಲಿಪ್ ತೆಗೆದೊಡನೆ ಬಿಳಿಚಿಕೊಂಡಿದ್ದ ಕಿಡ್ನಿಯ ಮೇಲೆ ಅಲ್ಲಲ್ಲಿ ಗುಲಾಬಿ ಬಣ್ಣ ಏಳುತ್ತದೆ. ಕಿಡ್ನಿ ಒಳ್ಳೆಯದಾಗಿದ್ದರೆ ಆ ಮಚ್ಚೆಗಳೆಲ್ಲ ಕೂಡಿಕೊಂಡು ಇಡೀ ಮೈ ಒಂದೇ ಬಣ್ಣಕ್ಕೆ ತಿರುಗುತ್ತದೆ. ಸೋತ ಕಿಡ್ನಿಯಲ್ಲಿ ನೇರಳೆ ಕಲೆಗಳು ಹಾಗೇ ಉಳಿಯುತ್ತವೆ. ಆಮೇಲೆ ಮೂತ್ರನಾಳಕ್ಕೆ ಸಿಕ್ಕಿಸಿದ ಸಣ್ಣ ಕೊಳವೆಯ ತುದಿಯಲ್ಲಿ ಹನಿ ಕಾಣುತ್ತದೆ. ದೇಹವೇ ಇಲ್ಲದ ಕಿಡ್ನಿ ಮೇಜಿನ ಮೇಲೆ ಮೂತ್ರ ಮಾಡುತ್ತಿರುತ್ತದೆ.

ಇದನ್ನೇ ಅವರು ಅಂಕ ಪಟ್ಟಿಯಾಗಿ ಮಾಡಿದರು. ಒಂದು ಗಂಟೆ ಓಡಿಸಿ, ಬಣ್ಣ ನೋಡಿ 1ರಿಂದ 3 ಅಂಕ. ರಕ್ತದ ಹರಿವು 100 ಗ್ರಾಂ ತೂಕಕ್ಕೆ ನಿಮಿಷಕ್ಕೆ 50 ಮಿಲಿಗಿಂತ ಕಡಿಮೆಯಿದ್ದರೆ ಇನ್ನೊಂದು ಅಂಕ. ಗಂಟೆಯ ಮೂತ್ರ 43 ಮಿಲಿ ಮುಟ್ಟದಿದ್ದರೆ ಮತ್ತೊಂದು. ಅಂಕ ಕಡಿಮೆ ಇದ್ದಷ್ಟೂ ಕಿಡ್ನಿ ಒಳ್ಳೆಯದು. 3ರವರೆಗೆ ಕಸಿಗೆ ಯೋಗ್ಯ, 4 ಬಂದರೆ ಯೋಚಿಸಬೇಕು, 5 ಬಂದರೆ ಬೇಡ.

2016ರಲ್ಲಿ ಇದೇ ತಂಡ ಪ್ರಕಟಿಸಿದ ಒಂದು ಪ್ರಕರಣವನ್ನು ನಾನು ಮತ್ತೆ ಮತ್ತೆ ನೆನಪಿಸಿಕೊಳ್ಳುತ್ತೇನೆ. ಒಬ್ಬ ದಾನಿಯ ಎರಡೂ ಕಿಡ್ನಿಗಳು ಸರಿಯಾಗಿ ತೊಳೆದಿರಲಿಲ್ಲ, ಒಳಗೆ ರಕ್ತ ಉಳಿದು ಮಚ್ಚೆಮಚ್ಚೆಯಾಗಿದ್ದವು. ಕಸಿಗೆ ಬಾರದವೆಂದು ಬೇರೆ ಕೇಂದ್ರಗಳು ಕೈಬಿಟ್ಟಿದ್ದವು. ಬೆಚ್ಚನೆಯ ಯಂತ್ರದಲ್ಲಿ ಗಂಟೆ ಕಾಲ ಓಡಿಸಿದ ಮೇಲೆ ಎರಡನ್ನೂ ಇಬ್ಬರಿಗೆ ಕಸಿ ಮಾಡಿದರು, ಎರಡೂ ಕೆಲಸ ಮಾಡಿದವು. ಐಸ್ ಪೆಟ್ಟಿಗೆಯ ಕಾಲವಾಗಿದ್ದರೆ ಅವು ಕಸದ ಬುಟ್ಟಿಗೆ ಹೋಗುತ್ತಿದ್ದವು. ಮಗನನ್ನೋ ಗಂಡನನ್ನೋ ಕಳೆದುಕೊಂಡ ದುಃಖದ ನಡುವೆ 'ಆಗಲಿ' ಎಂದು ತಲೆಯಾಡಿಸುವ ಮನೆಯವರನ್ನು ನಾನು ಎದುರಿಗೆ ಕೂತು ನೋಡಿದ್ದೇನೆ. ಅವರು ಕೊಟ್ಟ ಕಿಡ್ನಿ ಬಳಕೆಯಾಗಲಿಲ್ಲ ಎಂದು ಫೋನ್ ಮಾಡಿ ಹೇಳುವಂಥ ಕಷ್ಟ ನನ್ನ ಕೆಲಸದಲ್ಲಿ ಬೇರೊಂದಿಲ್ಲ. ಅಮೆರಿಕದಲ್ಲಿ ತೆಗೆದ ಕಿಡ್ನಿಗಳಲ್ಲಿ ಸುಮಾರು ನಾಲ್ಕರಲ್ಲೊಂದು ಹೀಗೆ ಬಳಕೆಯಾಗದೆ ಹೋಗುತ್ತಿದೆ.

ಇಷ್ಟೆಲ್ಲ ಕೇಳಿದ ಮೇಲೆ ಬೆಚ್ಚನೆಯ ಯಂತ್ರವೇ ಮೇಲು ಅನ್ನಿಸುವುದು ಸಹಜ. 2013ರಲ್ಲಿ ಲೆಸ್ಟರ್ ತಂಡ ಕೊಟ್ಟ ಅಂಕಿಯೂ ಹಾಗೇ ಇತ್ತು. ಬೆಚ್ಚನೆಯ ಯಂತ್ರ ಕಂಡ 18 ಕಿಡ್ನಿಗಳಲ್ಲಿ ತಡವಾದ ಆರಂಭ ಒಂದರಲ್ಲಿ ಮಾತ್ರ, ಐಸಿನಲ್ಲೇ ಇದ್ದ 47ರಲ್ಲಿ 17. ಆದರೆ ಅದು ಚೀಟಿ ಎತ್ತಿ ಮಾಡಿದ ಹೋಲಿಕೆಯಲ್ಲ, ಹಿಂದಿನ ರೋಗಿಗಳ ಜೊತೆ ಇಟ್ಟು ನೋಡಿದ್ದು. ಚೀಟಿ ಎತ್ತಿ ಮಾಡಿದ ದೊಡ್ಡ ಅಧ್ಯಯನ, ಅಂದರೆ ಭಾವನಿಗೆ ಸಹಿ ಕೇಳಿದ್ದು, 2023ರಲ್ಲಿ ಪ್ರಕಟವಾಯಿತು. ಬ್ರಿಟನ್ನಿನ ನಾಲ್ಕು ಕೇಂದ್ರಗಳು, ಹೃದಯ ನಿಂತ ದಾನಿಗಳ ಕಿಡ್ನಿಗಳು. ಒಂದು ಗುಂಪಿಗೆ ಬರೀ ಐಸು, ಇನ್ನೊಂದಕ್ಕೆ ಐಸಿನ ಕೊನೆಯಲ್ಲಿ ಒಂದು ಗಂಟೆ ಬೆಚ್ಚನೆಯ ಯಂತ್ರ. ತಡವಾದ ಆರಂಭ ಐಸಿನಲ್ಲಿ 142ಕ್ಕೆ 83, ಅಂದರೆ 58.5 ಶೇಕಡಾ. ಬೆಚ್ಚನೆಯ ಯಂತ್ರದಲ್ಲಿ 135ಕ್ಕೆ 82, ಅಂದರೆ 60.7 ಶೇಕಡಾ. ವ್ಯತ್ಯಾಸವಿಲ್ಲ. ಯಂತ್ರದಿಂದ ತೊಂದರೆಯೂ ಆಗಲಿಲ್ಲ, ಲಾಭವೂ ಆಗಲಿಲ್ಲ.

ಈ ಫಲಿತಾಂಶ ಓದಿ ನನಗೆ ಬೇಸರವಾಯಿತು. ಆದರೆ ಯೋಚಿಸಿದರೆ ಅರ್ಥವಾಗುವಂಥದೇ. ಹತ್ತು ಹನ್ನೆರಡು ಗಂಟೆ ಐಸಿನಲ್ಲಿ ಆದ ಪೆಟ್ಟನ್ನು ಕೊನೆಯ ಒಂದು ಗಂಟೆ ಅಳಿಸಿಹಾಕಬೇಕೆಂದು ಕೇಳುವುದು ಅತಿಯಾಯಿತು. ಆ ಅಧ್ಯಯನಕ್ಕೆ ಬಂದವು ಕಸಿಗೆ ಆಗಲೇ ಒಪ್ಪಿಕೊಂಡ ಕಿಡ್ನಿಗಳು. ಕೈಬಿಟ್ಟ ಕಿಡ್ನಿಯನ್ನು ಪರೀಕ್ಷಿಸಿ ಉಳಿಸುವ ಅದರ ನಿಜವಾದ ಶಕ್ತಿ ಅಲ್ಲಿ ಅಳತೆಗೇ ಸಿಗುವುದಿಲ್ಲ. ನನ್ನ ತಿಳಿವಳಿಕೆಯಲ್ಲಿ ಬೆಚ್ಚನೆಯ ಯಂತ್ರವನ್ನು ಐಸ್ ಪೆಟ್ಟಿಗೆಯ ಜಾಗಕ್ಕೆ ಬಂದ ಹೊಸ ಪೆಟ್ಟಿಗೆ ಅಂತ ನೋಡುವುದಕ್ಕಿಂತ ಪರೀಕ್ಷೆಯ ಮೇಜು ಅಂತ ನೋಡುವುದು ಸರಿ. ಸಂಶಯವಿರುವ ಕಿಡ್ನಿಯನ್ನು ಎಬ್ಬಿಸಿ, 'ಏನಪ್ಪಾ, ಮಾಡ್ತೀಯಾ?' ಎಂದು ಕೇಳಲು ಸಿಗುವ ಒಂದೇ ಜಾಗ ಅದು.

ಒಂದು ಗಂಟೆಯ ಬದಲು ಇಡೀ ದಿನ ಬೆಚ್ಚಗಿಟ್ಟರೆ ಹೇಗೆಂಬ ದಾರಿಯೂ ಇದೆ. 2019ರಲ್ಲಿ ಆಕ್ಸ್‌ಫರ್ಡಿನವರು ಬಳಕೆಗೆ ಬಾರದೆಂದು ಬಿಟ್ಟ ಮನುಷ್ಯರ ಕಿಡ್ನಿಗಳನ್ನು 24 ಗಂಟೆ ಬೆಚ್ಚನೆಯ ಯಂತ್ರದಲ್ಲಿ ಉಳಿಸಿದರು. ಬಂದ ಮೂತ್ರವನ್ನು ಮತ್ತೆ ಯಂತ್ರದ ರಕ್ತಕ್ಕೇ ಸೇರಿಸಿ ನೀರು-ಲವಣದ ಸಮತೋಲ ಕಾಯ್ದುಕೊಂಡರು. ಇದು ಕೈಗೂಡಿದರೆ ನಡುರಾತ್ರಿ ಬಂದ ಕಿಡ್ನಿಯನ್ನು ಬೆಳಗ್ಗೆ, ನಿದ್ದೆ ಮಾಡಿ ಎದ್ದ ತಂಡ ಕಸಿ ಮಾಡಬಹುದು. ಯಂತ್ರದಲ್ಲಿರುವಾಗಲೇ ಔಷಧ ಕೊಟ್ಟು ರಿಪೇರಿ ಮಾಡಬಹುದು. ಕೇಂಬ್ರಿಜ್‌ನವರು 2022ರಲ್ಲಿ ಯಂತ್ರದಲ್ಲಿದ್ದ ಕಿಡ್ನಿಗೆ ಕಿಣ್ವ ಹರಿಸಿ ರಕ್ತದ ಗುಂಪಿನ ಗುರುತನ್ನೇ ಕಳಚಿ, ಓ ಗುಂಪಿನಂತೆ ಮಾಡಿ ತೋರಿಸಿದರು. ಅದಿನ್ನೂ ಪ್ರಯೋಗಶಾಲೆಯ ಮಾತು. ಆದರೆ ಬ್ರಿಟನ್ನಿನಲ್ಲಿರುವ ನಮ್ಮವರಿಗೆ ಅದು ದೂರದ ಸುದ್ದಿಯಲ್ಲ. ನಮ್ಮ ಕಡೆ ಬಿ ಗುಂಪಿನವರು ಹೆಚ್ಚು, ಅಲ್ಲಿನ ದಾನಿಗಳಲ್ಲಿ ಕಡಿಮೆ. ದಕ್ಷಿಣ ಏಷ್ಯಾದ ರೋಗಿಗಳು ಅಲ್ಲಿ ಬಿಳಿಯರಿಗಿಂತ ಹೆಚ್ಚು ಕಾಲ ಕಾಯುವುದಕ್ಕೆ ಇರುವ ಕಾರಣಗಳಲ್ಲಿ ಇದೂ ಒಂದು. ಭಾವನದ್ದೂ ಬಿ ಪಾಸಿಟಿವ್.

ತೊಡಕುಗಳನ್ನು ಮುಚ್ಚಿಡುವುದಿಲ್ಲ. ತಣ್ಣನೆಯ ಯಂತ್ರ ನಿಂತರೆ ಐಸು ಕಾಯುತ್ತದೆ. ಬೆಚ್ಚನೆಯ ಯಂತ್ರ ನಿಂತರೆ ಕಿಡ್ನಿ 37 ಡಿಗ್ರಿಯಲ್ಲಿ ರಕ್ತವಿಲ್ಲದೆ ಕೂರುತ್ತದೆ, ನಿಮಿಷಗಳಲ್ಲಿ ತಣ್ಣಗಾಗಿಸದಿದ್ದರೆ ಹೋಯಿತು. ಅದಕ್ಕೇ ಪಳಗಿದವರೊಬ್ಬರು ಪಕ್ಕದಿಂದ ಕದಲಬಾರದು. ರಕ್ತನಿಧಿಯಿಂದ ರಕ್ತ ಬೇಕು. ಆ ಬಿಸಿಯಲ್ಲಿ ಬ್ಯಾಕ್ಟೀರಿಯಾಗಳಿಗೂ ಹಬ್ಬ, ಆಂಟಿಬಯೋಟಿಕ್ ಹಾಕಲೇಬೇಕು.

ಇನ್ನೊಂದು ಮಾತು. ಪತ್ರಿಕೆಗಳಲ್ಲಿ 'ಬೆಚ್ಚನೆಯ ಯಂತ್ರದ ಕ್ರಾಂತಿ' ಎಂದು ಓದಿದರೆ ಅದು ಲಿವರ್ ಬಗ್ಗೆಯೋ ಕಿಡ್ನಿ ಬಗ್ಗೆಯೋ ನೋಡಿಕೊಳ್ಳಿ. ಲಿವರ್‌ನಲ್ಲಿ 2018ರ 220 ಕಸಿಗಳ ಅಧ್ಯಯನವೇ ಅಂಗಕ್ಕೆ ಆಗುವ ಪೆಟ್ಟು ಅರ್ಧಕ್ಕೆ ಇಳಿದದ್ದನ್ನು, ಬಳಸದೆ ಬಿಟ್ಟ ಲಿವರ್‌ಗಳೂ ಅರ್ಧಕ್ಕೆ ಇಳಿದದ್ದನ್ನು ತೋರಿಸಿತ್ತು. ಕಿಡ್ನಿಯಲ್ಲಿ ಆ ಮಟ್ಟದ ಸಾಕ್ಷ್ಯ ಬಂದಿಲ್ಲ. ಲಿವರ್ ಕೈಕೊಟ್ಟರೆ ರೋಗಿಗೆ ಡಯಾಲಿಸಿಸ್‌ನಂಥ ಆಸರೆಯೂ ಇಲ್ಲ, ಹಾಗಾಗಿ ಅಲ್ಲಿ ಖರ್ಚಿನ ಲೆಕ್ಕವೇ ಬೇರೆ.

ದೇಹದೊಳಗೇ ಬೆಚ್ಚನೆಯ ರಕ್ತ ಹರಿಸುವ ಇನ್ನೊಂದು ಬಗೆಯೂ ಇದೆ. ಹೃದಯ ನಿಂತು ಸಾವು ಘೋಷಣೆಯಾದ ಮೇಲೆ, ಅಂಗ ತೆಗೆಯುವ ಮುಂಚೆ, ಹೊಟ್ಟೆಯ ಭಾಗಕ್ಕೆ ಮಾತ್ರ ಯಂತ್ರದಿಂದ ರಕ್ತ ಕೊಡುತ್ತಾರೆ. ಸ್ಪೇನಿನಲ್ಲಿ ಇದು ಚೆನ್ನಾಗಿ ಬೇರೂರಿದೆ. ಪ್ರತಿ ದೇಶದ ಕಾನೂನು, ನೈತಿಕ ಚರ್ಚೆಗಳ ಜೊತೆ ಹೆಣೆದುಕೊಂಡ ವಿಷಯವಾದ್ದರಿಂದ ರೋಗಿ ಆರಿಸಿಕೊಳ್ಳುವ ಮಾತೇ ಬರುವುದಿಲ್ಲ.

ಯಾರಿಗೆ ಯಾವುದು

ದಾನಿ ಚಿಕ್ಕ ವಯಸ್ಸಿನವರು, ಮಿದುಳು ನಿಷ್ಕ್ರಿಯಗೊಂಡವರು, ದಾರಿ ಹತ್ತಿರ: ಐಸ್ ಪೆಟ್ಟಿಗೆ ಸಾಕು. ಯಂತ್ರಕ್ಕಾಗಿ ಎರಡು ಗಂಟೆ ಕಾಯುವುದಕ್ಕಿಂತ ಎರಡು ಗಂಟೆ ಮುಂಚೆ ಕಸಿ ಮುಗಿಸುವುದು ಮೇಲು.

ದಾನಿಗೆ ವಯಸ್ಸಾಗಿದೆ, ಬಿಪಿ ಇತ್ತು, ಅಥವಾ ಹೃದಯ ನಿಂತ ಮೇಲಿನ ದಾನ, ಅಥವಾ ಕಿಡ್ನಿ ದೂರದಿಂದ ಬರಬೇಕು: ಸಿಗುವುದಾದರೆ ತಣ್ಣನೆಯ ಯಂತ್ರ, ತೆಗೆದ ಕ್ಷಣದಿಂದಲೇ. 50 ದಾಟಿದ, ಹೃದಯ ನಿಂತ ದಾನಿಯಾಗಿದ್ದರೆ ಆಕ್ಸಿಜನ್ ಸಮೇತ. ಇವತ್ತಿನ ಸಾಕ್ಷ್ಯದಲ್ಲಿ ಹಣ ಹಾಕಲು ತಕ್ಕ ಜಾಗ ಇದೇ ಎಂಬುದು ನನ್ನ ಅಭಿಪ್ರಾಯ. ಒಂದು ರಾಜ್ಯ ಒಂದೇ ಬಗೆಯ ಯಂತ್ರ ಕೊಳ್ಳುವಷ್ಟು ದುಡ್ಡಿದ್ದರೆ ಬೆಚ್ಚನೆಯದಕ್ಕಿಂತ ಮುಂಚೆ ಇದನ್ನೇ ಕೊಳ್ಳಲಿ.

ಕಿಡ್ನಿ ಬಳಸಬೇಕೋ ಬಿಡಬೇಕೋ ಎಂದು ಶಸ್ತ್ರಚಿಕಿತ್ಸಕರೇ ತಲೆ ಕೆರೆದುಕೊಳ್ಳುತ್ತಿದ್ದಾರೆ: ಅಲ್ಲಿ ಬೆಚ್ಚನೆಯ ಯಂತ್ರಕ್ಕೆ ಸಾಟಿಯಿಲ್ಲ. ಪ್ರತಿ ಆಸ್ಪತ್ರೆಯಲ್ಲೂ ಬೇಕಾಗಿಲ್ಲ. ಸಂಶಯದ ಕಿಡ್ನಿಗಳನ್ನೆಲ್ಲ ಒಂದು ಕಡೆ ತಂದು ಪರೀಕ್ಷಿಸುವ ಒಂದೆರಡು ಕೇಂದ್ರಗಳಿದ್ದರೆ ಆಯಿತು.

ಕರ್ನಾಟಕದ ಮಾತಿಗೆ ಬಂದರೆ ಚಿತ್ರ ಸ್ವಲ್ಪ ಬೇರೆ. ದೇಶದಲ್ಲಿ ನಡೆಯುವ ಕಿಡ್ನಿ ಕಸಿಗಳಲ್ಲಿ ಬಹುಪಾಲು ಬದುಕಿರುವ ಸಂಬಂಧಿಕರು ಕೊಟ್ಟಂಥವು. ತಾಯಿ ಕೊಟ್ಟ ಕಿಡ್ನಿ ಪಕ್ಕದ ಆಪರೇಷನ್ ಕೋಣೆಯಿಂದ ಮಗನ ಮೇಜಿಗೆ ಬರಲು ಯಾವ ಯಂತ್ರವೂ ಬೇಡ, ಬಟ್ಟಲಲ್ಲಿ ಐಸು ಸಾಕು. ಮೃತ ದಾನಿಗಳ ಅಂಗಗಳನ್ನು ರಾಜ್ಯದ ಜೀವಸಾರ್ಥಕತೆ ಸಂಸ್ಥೆ ಸರದಿ ಪಟ್ಟಿ ನೋಡಿ ಹಂಚುತ್ತದೆ. 2021ರ ಜೂನ್‌ನಲ್ಲಿ ಬೈಕ್ ಅಪಘಾತದಲ್ಲಿ ಮಿದುಳು ನಿಷ್ಕ್ರಿಯಗೊಂಡ ನಟ ಸಂಚಾರಿ ವಿಜಯ್ ಅವರ ಅಂಗಗಳನ್ನು ಮನೆಯವರು ದಾನ ಮಾಡಿದ ಮೇಲೆ ಈ ಪದಗಳೆಲ್ಲ ನಮ್ಮ ಮನೆಮನೆಗೆ ಬಂದವು. ನಮ್ಮಲ್ಲಿ ಕಿಡ್ನಿ ಕಳೆದುಕೊಳ್ಳುತ್ತಿರುವುದು ಹೆಚ್ಚಾಗಿ ಯಂತ್ರ ಇಲ್ಲದ್ದರಿಂದಲ್ಲ. ಐಸಿಯುನಲ್ಲಿ ಮಿದುಳು ನಿಷ್ಕ್ರಿಯವೆಂದು ಹೊತ್ತಿಗೆ ಸರಿಯಾಗಿ ಪರೀಕ್ಷಿಸಿ ಘೋಷಿಸದೆ, ಮನೆಯವರನ್ನು ಕೇಳದೆ ಬಿಟ್ಟದ್ದರಿಂದ. ಇದನ್ನು ಸಂಯೋಜಕನಾಗಿ, ನೋವಿನಿಂದಲೇ ಹೇಳುತ್ತಿದ್ದೇನೆ.

ಎಲ್ಲೇ ಇರಲಿ, ಕಸಿಗೆ ಕರೆ ಬಂದಾಗ ಕೇಳಬಹುದಾದ ಪ್ರಶ್ನೆಗಳು ಕೆಲವಿವೆ. ದಾನಿಯ ವಯಸ್ಸೆಷ್ಟು, ದಾನ ಯಾವ ಬಗೆಯದು? ಕಿಡ್ನಿ ತೆಗೆದು ಎಷ್ಟು ಗಂಟೆಯಾಯಿತು, ನನ್ನನ್ನು ಥಿಯೇಟರಿಗೆ ಒಯ್ಯುವ ಹೊತ್ತಿಗೆ ಎಷ್ಟಾಗುತ್ತದೆ? ಯಂತ್ರದಲ್ಲಿತ್ತೇ, ಯಾವಾಗಿನಿಂದ? ಬೇರೆ ಕೇಂದ್ರದವರು ಬೇಡವೆಂದಿದ್ದರೆ ಯಾಕೆ? ತಡವಾಗಿ ಶುರುವಾದರೆ ಎಷ್ಟು ದಿನ ಕಾಯುತ್ತೀರಿ? ಹೀಗೆ ಕೇಳಿದರೆ ಯಾವ ಒಳ್ಳೆಯ ವೈದ್ಯರೂ ಬೇಸರ ಮಾಡಿಕೊಳ್ಳುವುದಿಲ್ಲ. ನಿಮ್ಮ ಪಾಲಿನ ಕೆಲಸವೂ ಒಂದಿದೆ. ಫೋನ್ ಸದಾ ಚಾರ್ಜ್ ಆಗಿರಲಿ, ಚೀಲ ಸಿದ್ಧವಿರಲಿ. ನೀವು ತಡಮಾಡಿದ ಒಂದು ಗಂಟೆಯೂ ಕಿಡ್ನಿಯ ಲೆಕ್ಕಕ್ಕೇ ಸೇರುತ್ತದೆ.

ಅವತ್ತು ಭಾವನಿಗೆ ಬಂದ ಚೀಟಿ ಐಸಿನದು. ಅಕ್ಕನಿಗೆ ಒಂದಿಷ್ಟು ನಿರಾಸೆಯಾಯಿತು. ಕಿಡ್ನಿ ಹತ್ತು ದಿನ ಏಳಲಿಲ್ಲ, ಹೊಸ ಕಿಡ್ನಿ ಇಟ್ಟುಕೊಂಡೇ ಡಯಾಲಿಸಿಸ್‌ಗೆ ಹೋಗಿ ಬಂದರು. 'ಮೆಷಿನ್ ಸಿಕ್ಕಿದ್ದರೆ ಹೀಗಾಗ್ತಿರಲಿಲ್ವೇನೋ' ಎಂದು ಅಕ್ಕ ದಿನಾ ಹೇಳುತ್ತಿದ್ದಳು, ನನ್ನ ಬಳಿ ಆಗ ಉತ್ತರವಿರಲಿಲ್ಲ. ಹನ್ನೊಂದನೆಯ ದಿನ ಅವಳಿಂದ ಒಂದು ಫೋಟೊ ಬಂತು. ಮಂಚದ ಪಕ್ಕ ನೇತುಹಾಕಿದ ಮೂತ್ರದ ಚೀಲ, ತಳದಲ್ಲಿ ತಿಳಿಹಳದಿ ನೀರು, ಗೆರೆಯ ಪಕ್ಕ ಅವಳ ಹೆಬ್ಬೆರಳು. ಕೆಳಗೆ ಬರೆದಿದ್ದಳು: "90 ಮಿಲಿ. ಇನ್ನೂ ಬರ್ತಾ ಇದೆ."